ಮೂರು ಗೇಣು ಎರಡು ಬೆರಳು

“ಗೇಟಿಗೆ ಕೀಲಿ ಹಾಕು,” ಎಂದರು ಎ.ಎಸ್.ಐ. ಚನ್ನಬಸಯ್ಯ. “ನಾ ಹೇಳೂತನಕ ಒಂದ ಸೈಕಲ್ಲೂ ಹೊರಗ ಹೋಗಬಾರದು, ಒಬ್ಬ ಹುಡುಗೀನೂ ಹೋಗಬಾರದು.”

ಕಾಲೇಜಿನ ಸೈಕಲ್ ಹುಡುಗಿಯರ ಹಾಸ್ಟೆಲಿನ ಕಾವಲುಗಾರ ಕೀಲಿ ತಿರುವಿದ. ಅಮೀನುದ್ದೀನ ಮಾಸ್ತರರು ಒಮ್ಮೆ ತಿರುಗಿ ನೋಡಿದರು. ಮೂವತ್ತೆರಡು ವರ್ಷ ಹೂವಿನ ಹಿಪ್ಪರಗಿಯ ಹೈಸ್ಕೂಲಿನ ಬಯಲಿನಲ್ಲಿ ಸೀಟಿ ಊದಿದ ಪೀಟಿ ಮಾಸ್ತರರು ಅವರು. ತಗಡಿನ ಶೆಡ್ಡು, ಜಾಳಿಗೆ ಹೊಡೆದ ಕಿಟಕಿ, ನಾಲ್ಕೂ ಕಡೆ ಆಳೆತ್ತರದ ಕಾಂಪೌಂಡು ಇಂಥದ್ದೆಲ್ಲ ಅವರಿಗೆ ಯಾವತ್ತೂ ಒಗ್ಗಿದ್ದಲ್ಲ. ಬೆಳಗಿನ ಹನ್ನೊಂದಕ್ಕೇ ಬಾಗೇವಾಡಿಯ ಬಿಸಿಲು ತಗಡಿನ ಮೇಲೆ ಕೂತು ಕೆಳಗಿದ್ದವರನ್ನು ಬೇಯಿಸುತ್ತಿತ್ತು.

ಶೆಡ್ಡಿನ ನಡುವೆ, ಸ್ಟ್ಯಾಂಡಿನ ಮೇಲೆ, ಆ ಸೈಕಲ್ ನಿಂತಿತ್ತು. ನಿನ್ನೆ ಮಂಗಳವಾರ ಬೆಳಿಗ್ಗೆ ತಂಗಡಗಿಯ ಸೇತುವೆಯ ಕಂಬಿಗೆ ಒರಗಿಸಿಟ್ಟ ಈ ಸೈಕಲ್ ಸಿಕ್ಕಿತ್ತು; ಸೋಮವಾರ ಅದನ್ನು ಏರಿ ಹಾಸ್ಟೆಲಿನಿಂದ ಹೋದ ಹುಡುಗಿ ಐಶ್ವರ್ಯ ಸಿಕ್ಕಿರಲಿಲ್ಲ.

ಮಾಸ್ತರರು ಬಗ್ಗಿ, ಪೆಡಲ್ ತಿರುಗುವ ನಡುಬಿಂದುವಿನ ಮೇಲೆ ಕಿರುಬೆರಳು ಇಟ್ಟರು. ಅಲ್ಲಿಂದ ಸೀಟಿನ ತನಕ ಹೆಬ್ಬೆರಳು ಚಾಚಿ ಒಂದು ಗೇಣು, ಎರಡು ಗೇಣು, ಮೂರು. ಮೇಲೆ ಬೆರಳು ಮಡಚಿ ಎಣಿಸಿದರು.

“ಮೂರು ಗೇಣು, ಎರಡು ಬೆರಳು.”

“ನಿನ್ನೆ ನದೀ ದಂಡೀ ಮ್ಯಾಲೂ ಅಷ್ಟ ಹೇಳಿದ್ರಿ,” ಎಂದರು ಚನ್ನಬಸಯ್ಯ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ. “ಒಂದ ದಿನದಾಗ ಬೆಳದಿರತೈತಿ ಅಂತ ಮತ್ತ ಅಳದ್ರೇನು?”

“ಐಶ್ವರ್ಯಾಂದು ಮೂರು ಗೇಣು ನಾಲ್ಕು ಬೆರಳು, ಸಾಹೇಬ್ರ. ಒಂಬತ್ತನೇ ಕ್ಲಾಸಿನಿಂದ ಅಕಿ ಸೀಟು ನಾನ ಕೂಡಿಸೇನಿ. ಬೆಳದಂಗ ಬೆಳದಂಗ ಏರಿಸೇನಿ. ನನ್ನ ಕೈಗೆ ಮರಿಯೂದಿಲ್ಲ.”

“ಎರಡು ಬೆರಳಿಂದ ಏನಾಗತೈತ್ರಿ? ಕುಂತು ಕುಂತು ತಗ್ಗಿರಬೇಕು.”

“ಸೀಟು ತಾನ ತಗ್ಗೂದಿಲ್ಲ. ಇದನ್ನ ನೋಡ್ರಿ.”

ಸೀಟಿನ ಕೆಳಗಿನ ಕಂಬಕ್ಕೆ ಹಳದಿ ಟೇಪು ಸುತ್ತಿತ್ತು. ರೇಸಿನ ಹುಡುಗಿಯರೆಲ್ಲ ತಮ್ಮ ಅಳತೆಯ ಗುರುತಿಗೆ ಒಂದೊಂದು ಬಣ್ಣದ ಟೇಪು ಸುತ್ತಿಕೊಳ್ಳುತ್ತಾರೆ. ಈ ಟೇಪು ನೆಟ್ಟಗಿರಲಿಲ್ಲ. ಕಂಬವನ್ನು ಕೊಳವೆಯೊಳಗೆ ಇಳಿಸುವಾಗ ಅದು ಒಳಗೆ ಹೋಗಲಾರದೆ ಮುದುಡಿ, ಕೊಳವೆಯ ಬಾಯಿಯ ಹತ್ತಿರ ಗಂಟಾಗಿ ಕೂತಿತ್ತು.

“ಯಾರೋ ನಟ್ಟು ಸಡಲ ಮಾಡಿ, ಇಳಿಸಿ, ಮತ್ತ ಬಿಗದಾರ. ಕಳ್ಳ ಆಗಿದ್ರ ಹ್ಯಾಂಗಿತ್ತೋ ಹಾಂಗ ಏರಿ ಹೊಡಕೊಂಡ ಹೋಗತಿದ್ದ. ರೇಸ್ ಹೊಡಿಯೋರಿಗೆ ಮಾತ್ರ ಅದು ಆಗೂದಿಲ್ಲ. ಓಣಿ ದಾಟೂದಿದ್ರೂ ಇಳದು, ಕಿಸೆದಾಗಿನ ನಟ್ಟು ತಿರುವೂ ಎಲ್ ಕೀ ತಗದು, ಸೀಟು ತಮ್ಮ ಅಳತಿಗೆ ಮಾಡಕೊಂಡ ಏರತಾರ. ಅದು ಕೈಗೆ ಹತ್ತಿದ ಚಟ. ಜೀವಾ ಹೋಗೂ ಹೊತ್ತಿನಾಗೂ ಬಿಡೂದಿಲ್ಲ.”

ಚನ್ನಬಸಯ್ಯನವರ ಕೈ ಬೆವರು ಒರೆಸುವುದನ್ನು ನಿಲ್ಲಿಸಿತು. “ಅಂದ್ರ ಈ ಸೈಕಲ್ ಸೇತುವೀಗೆ ತಂದಾಕಿ ಐಶ್ವರ್ಯ ಅಲ್ಲ.”

“ಅಲ್ಲ. ಅಕಿಗಿಂತ ಎರಡು ಬೆರಳು ಗಿಡ್ಡ ಕೂಡೂ ರೇಸಿನವರು ಯಾರೋ ತಂದು ನಿಲ್ಲಿಸ್ಯಾರ. ಅಕಿ ಹಾರಿ ಸತ್ಲು ಅಂತ ನಾವು ನಂಬಬೇಕು ಅಂತ.”

“ಹಾಂಗಾರ ಅಕೀಗೆ ಏನ ಮಾಡ್ಯಾರ?”

ನಿನ್ನೆಯಿಂದ ಮಾಸ್ತರರ ಎದೆಯೊಳಗೆ ಕೂತು ಕೊರೆಯುತ್ತಿದ್ದ ಪ್ರಶ್ನೆಯೂ ಅದೇ. ಹತ್ತೊಂಬತ್ತರ ಹುಡುಗಿ, ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ ಎರಡು ಸಲ ಚಿನ್ನ ಗೆದ್ದವಳು. ಅವಳನ್ನು ಈ ಕಾಂಪೌಂಡಿನೊಳಗೆ ಕೈ ಹಿಡಿದು ಕರೆತಂದು ಬಿಟ್ಟವರು ಅವರೇ.

“ಸರ್,” ಎಂದು ಹಿಂದಿನಿಂದ ದನಿ ಬಂತು. “ಎರಡ ನಿಮಿಷ ಒಳಗ ಬರ್ರಿ. ಸಾಹೇಬ್ರು ಚಾ ಕುಡೀಲಿ.”

ಕೋಚ್ ಸಂಜೀವಕುಮಾರ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಬಾಗಿಲಿನ ಚೌಕಟ್ಟು ತುಂಬುವಂಥ ಆಳು. ಒಂದು ಕಾಲಕ್ಕೆ ಅವನೂ ಮಾಸ್ತರರ ಕೈಯಲ್ಲೇ ಸೈಕಲ್ ಕಲಿತವ. ಎರಡು ದಿನದಿಂದ ಗಡ್ಡ ಹೆರೆದಿರಲಿಲ್ಲ.

ಮಾಸ್ತರರು ಒಳಗೆ ಕಾಲಿಟ್ಟರು. ಸಂಜೀವಕುಮಾರ ಬಾಗಿಲು ಮುಚ್ಚಿ ಚಿಲಕ ಹಾಕಿದ.

ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಜಾಳಿಗೆ. ಗೋಡೆ ತುಂಬ ಹುಡುಗಿಯರ ಫೋಟೋ. ಎಲ್ಲರ ಕೊರಳಲ್ಲೂ ಪದಕ, ಎಲ್ಲರ ಎದೆಯ ಮೇಲೂ ಕಾಲೇಜಿನ ಹೆಸರು. ಮೂಲೆಯ ಡಬ್ಬಿಯಲ್ಲಿ, ಐಶ್ವರ್ಯ ಬಿಟ್ಟುಹೋದದ್ದೂ ಸೇರಿ, ಹದಿನೆಂಟು ಮೊಬೈಲುಗಳಿದ್ದವು. ವಾರಕ್ಕೊಮ್ಮೆ, ಸೋಮವಾರದ ರಜೆಯ ದಿನ ಮಾತ್ರ ಅವು ಹುಡುಗಿಯರ ಕೈಗೆ ಬರುತ್ತವೆ.

“ನೀವು ಪೊಲೀಸರ ಮುಂದ ಮಾತಾಡೂದು ನಾ ಕೇಳಿದೆ,” ಎಂದ ಸಂಜೀವಕುಮಾರ. “ನನ್ನ ಮ್ಯಾಲ ಹಾಕಬೇಕಂತ ಮಾಡೀರೇನು?”

“ಸೋಮವಾರ ಎಲ್ಲಿದ್ದಿ?”

“ವಿಜಯಪುರದಾಗ. ಕ್ರೀಡಾ ಸಮಿತಿ ಮೀಟಿಂಗು. ನಲವತ್ತು ಮಂದಿ ನೋಡ್ಯಾರ.”

ಮಾಸ್ತರರು ಅವನ ಕಾಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. “ಗೊತ್ತೈತಿ. ನಿನ್ನ ಕಾಲಿಗೆ ನಾಲ್ಕು ಗೇಣು ಬೇಕು. ಆ ಸೀಟಿನ ಮ್ಯಾಲ ನೀ ಕುಂತ್ರ ಮೊಣಕಾಲು ಗದ್ದಕ್ಕ ಬಡೀತಾವು. ತಂದಾಂವ ನೀನಲ್ಲ.”

ಸಂಜೀವಕುಮಾರ ಕುರ್ಚಿಯಲ್ಲಿ ಕುಸಿದ. ಬಿಟ್ಟ ಉಸಿರು ಮೇಜಿನ ಈ ಕಡೆಗೂ ಕೇಳಿಸಿತು.

“ಆದ್ರ ನೀ ಮಾಡಿದ್ದು ಐತಿ,” ಎಂದರು ಮಾಸ್ತರರು. “ಅಕಿ ನಿನ್ನ ಹತ್ರ ಏನ ಕೇಳಿದ್ಲು?”

ಕೋಚ್ ಮೇಜಿನ ಗಾಜಿನ ಮೇಲಿನ ಧೂಳು ಒರೆಸಿದ.

“ಒಪ್ಪಿಗಿ ಪತ್ರ,” ಎಂದ. “ರಾಷ್ಟ್ರೀಯ ಶಿಬಿರಕ್ಕ ಹುಡುಗ್ಯಾರನ್ನ ಆರಸಾಕ ಹೈದರಾಬಾದಿನಾಗ ಈ ವಾರ ಟ್ರಯಲ್ ಇಟ್ಟಾರ. ಅಲ್ಲಿ ಪಾಸಾದ್ರ ಅಕಿ ಎರಡು ವರ್ಷ ಅಲ್ಲೇ. ಮುಂದಿನ ತಿಂಗಳು ಕ್ರೀಡಾಕೂಟದಾಗ ನಮ್ಮ ಕಾಲೇಜಿಗೆ ಓಡಸೋರ್ಯಾರು? ಕೊಡೂದಿಲ್ಲ ಅಂದೆ. ಮೂರು ಸಲ ಬಂದು ಕೇಳಿದ್ಲು, ಮೂರು ಸಲಾನೂ ಅಂದೆ.”

“ಅಷ್ಟ ಅಂದಿಯೋ?”

“ಕದ್ದು ಹೋದ್ರೂ ಉಪಯೋಗಿಲ್ಲ, ಟ್ರಯಲ್ ಮುಗಿಯೂ ಮೊದಲ ನಾ ಒಂದ ಫೋನ್ ಮಾಡಿದ್ರ ನಿನ್ನ ಹೆಸರು ಹೊಡದ ಹಾಕತಾರ ಅಂದೆ. ಅಂದದ್ದು ತಪ್ಪಾತು, ಸರ್. ಆದ್ರ ಅದಕ್ಕ ಅಕಿ ನೀರಿಗೆ ಹಾರತಾಳ ಅಂತ ನಾ ಕನಸು ಕಂಡಿದ್ನೇನು?”

“ಅಕಿ ಅಸಲು ಮಾರ್ಕ್ಸ್ ಕಾರ್ಡು, ಟೀಸಿ?”

“ಅದಾವು. ಎಲ್ಲಾರದೂ ಅದಾವು.” ಸಂಜೀವಕುಮಾರ ಎದ್ದು ಕಬ್ಬಿಣದ ಕಪಾಟು ತೆರೆದ. ಹದಿನೆಂಟು ಫೈಲುಗಳು ಒಂದರ ಪಕ್ಕ ಒಂದು, ನಂಬರು ಹಚ್ಚಿಕೊಂಡು ನಿಂತಿದ್ದವು. ಹುಡುಗಿಯರು ಕಾಂಪೌಂಡು ಹಾರಿ ಹೋದರೂ ಎಲ್ಲಿಗೂ ಹೋಗಲಾರರು. ಅವರ ಹೆಸರು, ಹುಟ್ಟಿದ ದಿನ, ಪಾಸಾದ ವರ್ಷ ಎಲ್ಲವೂ ಈ ಕಪಾಟಿನೊಳಗೆ ಕೂತಿದ್ದವು.

“ಕಾಲೇಜು ಅನ್ನತೀರಿ ಇದಕ್ಕ,” ಎಂದರು ಮಾಸ್ತರರು.

ಸಂಜೀವಕುಮಾರನಿಗೆ ಸಿಟ್ಟು ಬಂತು. “ಒಂದು ಮಾತು ಹೇಳ್ರಿ ಸರ್. ಊರಾಗ ಇದ್ದಿದ್ರ ಅಕಿ ಈ ಹೊತ್ತಿಗೆ ಯಾರ ಮನ್ಯಾಗೋ ರೊಟ್ಟಿ ಬಡೀತಿದ್ಲು. ಇಲ್ಲಿ ಮೂರು ಹೊತ್ತು ಊಟ, ತತ್ತಿ, ಹಾಲು, ಓಡಸಾಕ ಇಂಥಾ ಸೈಕಲ್. ಇದನ್ನ ಯಾರು ಕೊಟ್ಟಾರು?”

“ಕೊಟ್ಟಿ. ಕೊಟ್ಟು ಕೀಲಿ ಹಾಕಿದಿ.”

“ಹಾಕಲಿಲ್ಲಂದ್ರ ಮತ್ತೊಬ್ಬರು ಎಗರಿಸಿಕೊಂಡ ಹೋಗ್ತಾರ! ನಾವು ಎರಡು ವರ್ಷ ಬೆಳಸಬೇಕು, ಪದಕದ ಹೊತ್ತಿಗೆ ಇನ್ನೊಂದು ಕಾಲೇಜಿನ ಕಾರು ಬಂದು ಗೇಟಿನ ಮುಂದ ನಿಲ್ಲಬೇಕು. ಆಟದಾಗ ಎಲ್ಲಾರೂ ಹಿಂಗ ಅದಾರ. ನಾನೊಬ್ಬ ಸಂತ ಆಗಿ ಏನ ಮಾಡ್ಲಿ?”

“ಅಕಿ ಏನು ಕಾಲೇಜಿನ ಆಸ್ತಿಯೇನು?”

ಸಂಜೀವಕುಮಾರ ಹದಿನೇಳನೆಯ ಫೈಲು ಎಳೆದು, ಒಂದು ಕಾಗದ ತೆಗೆದು, ಮಾಸ್ತರರ ಮುಂದೆ ನೀಟಾಗಿ ಇಟ್ಟ.

ಛಾಪಾ ಕಾಗದದ ಮೇಲಿನ ಕರಾರು. ಮೂರು ವರ್ಷ ಬೇರೆ ಯಾವ ಸಂಸ್ಥೆಯ ಪರವಾಗಿಯೂ, ಯಾವ ಶಿಬಿರದಲ್ಲಿಯೂ ಭಾಗವಹಿಸತಕ್ಕದ್ದಲ್ಲ. ಅಲ್ಲಿಯವರೆಗೆ ಮೂಲ ದಾಖಲೆಗಳು ಕಾಲೇಜಿನ ಸ್ವಾಧೀನದಲ್ಲಿರತಕ್ಕದ್ದು. ಕೆಳಗೆ ತಾಯಿ ಸಿದ್ದವ್ವಳ ಹೆಬ್ಬೆಟ್ಟು. ಅದರ ಪಕ್ಕದಲ್ಲಿ, ಜವಾಬ್ದಾರಿ ಹೊತ್ತ ಪಾಲಕರ ಸಹಿ ಎಂಬ ಕಡೆ, ಉರುಟು ಅಕ್ಷರದಲ್ಲಿ ಅಮೀನುದ್ದೀನ ಎಂದಿತ್ತು.

ಅವತ್ತು ಕಾಲೇಜಿನವರು ಅಡ್ಮಿಷನ್ನಿನ ಅರ್ಜಿ ಅಂದಿದ್ದರು. ಮಾಸ್ತರರು ಓದಿ ನೋಡಿರಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಸಿದ್ದವ್ವ, “ನೀವು ಹೇಳಿದ್ರ ಒತ್ತತೇನ್ರಿ ಮಾಸ್ತರ,” ಎಂದು ಬೆರಳು ಮುಂದೆ ಮಾಡಿದ್ದಳು. ಅವರು ಹೇಳಿದ್ದರು, ಅವಳು ಒತ್ತಿದ್ದಳು.

“ಮುಂದಿನ ಫೈಲೂ ನೋಡ್ರಿ,” ಎಂದ ಸಂಜೀವಕುಮಾರ, ಮೆಲ್ಲಗೆ. “ಹದಿನೆಂಟು. ಅದ ದಿನ, ಅದ ಪೆನ್ನು.”

ನೋಡುವ ಅಗತ್ಯವಿರಲಿಲ್ಲ. ಹದಿನೆಂಟನೆಯದು ಅಫ್ರೀನಳದು, ಮಾಸ್ತರರ ಮಗಳ ಮಗಳದು. ಎರಡು ವರ್ಷದ ಹಿಂದೆ ಜಿಲ್ಲಾ ಕ್ರೀಡಾಕೂಟದ ಗೆರೆ ದಾಟಿ ಐಶ್ವರ್ಯ ಇನ್ನೂ ಸೈಕಲ್ಲಿನಿಂದ ಇಳಿದಿರಲಿಲ್ಲ, ಮೂರು ಕಾಲೇಜಿನವರು ಸುತ್ತುಗಟ್ಟಿದ್ದರು. ಇಂಡಿ ಊರಿನ ಕಾಲೇಜಿನವರು ಕಾರಿನ ಮೇಲೆ ಹೊಸ ಸೈಕಲ್ ಕಟ್ಟಿಕೊಂಡೇ ಬಂದಿದ್ದರು. ಸಿಂದಗಿಯವರು ಹಾಸ್ಟೆಲು, ಬಟ್ಟೆ, ಪುಸ್ತಕ ಎಲ್ಲ ನಮ್ಮದು ಎಂದರು. ಸಂತೆಗೆ ಹೊಡೆದುಕೊಂಡು ಬಂದ ಆಕಳ ಹಲ್ಲು ನೋಡುವಂತೆ ಒಬ್ಬ ಅವಳ ಮೀನಖಂಡ ಮುಟ್ಟಿ ನೋಡಿದ್ದ. ಮಾಸ್ತರರು ಅವನನ್ನು ಬೈದು ಅಟ್ಟಿದ್ದರು. ಆಮೇಲೆ ಸಂಜೀವಕುಮಾರ ಬಂದ. ಅವನು ಕೇಳಿದ್ದು ಒಂದೇ: ಸರ್, ನಿಮ್ಮ ಮೊಮ್ಮಗಳೂ ಓಡಸತಾಳಲ್ಲ?

ಅಫ್ರೀನ ಓಡಿಸುತ್ತಿದ್ದಳು, ಆದರೆ ಅವಳ ಓಟಕ್ಕೆ ಯಾವ ಕಾಲೇಜೂ ಬಾಗಿಲು ತೆರೆಯುತ್ತಿರಲಿಲ್ಲ.

“ಒಂದಕ್ಕ ಒಂದು,” ಎಂದ ಸಂಜೀವಕುಮಾರ. “ನಾ ಕೇಳಿದೆ, ನೀವು ಕೊಟ್ರಿ. ನಾಳೆ ಪೇಪರಿನಾಗ ನನ್ನ ಹೆಸರು ಬಂದ್ರ ಇದರ ಫೋಟೋನೂ ಬರತೈತಿ. ಸುಮ್ಮನ ಹೇಳಾಕತ್ತೇನಿ, ಹೆದರಿಸಾಕಲ್ಲ.”

ಹೆದರಿಸಲಿಕ್ಕೇ ಹೇಳಿದ್ದ. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಕಪಾಟಿನಲ್ಲಿ ಹುಡುಗಿಯರ ಜೊತೆ ತಾವೂ ಒಂದು ಫೈಲಾಗಿ ನಿಂತಂತೆ ಮಾಸ್ತರರಿಗೆ ಅನಿಸಿತು.

ಏಳುವ ಮುನ್ನ ಒಂದು ಮಾತು ಕೇಳಿದರು. “ಅಕಿ ರೇಸಿನ ಶೂ ಎಲ್ಲಿ ಅದಾವು?”

“ರ್‍ಯಾಕಿನಾಗ ಇಲ್ಲ. ಯಾಕ?”

“ಸೇತುವಿ ಮ್ಯಾಲೂ ಇರಲಿಲ್ಲ. ಹೆಲ್ಮೆಟ್ಟು ಹ್ಯಾಂಡಲ್ಲಿಗೆ ಜೋತಾಡಾಕತ್ತಿತ್ತು. ಶೂ ಮಾತ್ರ ಇಲ್ಲ.”

ಅಡಿಯಲ್ಲಿ ಪೆಡಲಿಗೆ ಕಚ್ಚುವ ಗಟ್ಟಿ ಕೊಕ್ಕೆ ಇರುವ ಶೂ ಅವು. ಹಾಕಿಕೊಂಡು ಹತ್ತು ಹೆಜ್ಜೆ ನೆಟ್ಟಗೆ ನಡೆಯಲು ಬಾರದು. ಅವನ್ನು ಒಯ್ದು ಯಾರಿಗೆ ಏನು ಲಾಭ? ಇಬ್ಬರಿಗೂ ಹೊಳೆಯಲಿಲ್ಲ.

ಚಿಲಕ ತೆಗೆದು ಮಾಸ್ತರರು ಹೊರಗೆ ಬಂದರು.

ಅಂಗಳದಲ್ಲಿ ಹದಿನೇಳು ಹುಡುಗಿಯರು ಹದಿನೇಳು ಸೈಕಲ್ ಹಿಡಿದು ಸಾಲಾಗಿ ನಿಂತಿದ್ದರು. ಸೋಮವಾರ ರಜೆ; ಹತ್ತಿರದ ಊರಿನವರೆಲ್ಲ ಅವತ್ತು ಮನೆಗೆ ಹೋಗಿ ಬಂದವರೇ. ಹೀಗಾಗಿ ಯಾರನ್ನೂ ಬಿಡುವಂತಿರಲಿಲ್ಲ. ಚನ್ನಬಸಯ್ಯನವರು ಹೊಲಿಗೆಯವರ ಟೇಪು ಎಲ್ಲಿಂದಲೋ ಸಂಪಾದಿಸಿದ್ದರು. ಆದರೂ ಅವರ ನಂಬಿಕೆ ಮಾಸ್ತರರ ಕೈಯ ಮೇಲೆಯೇ.

“ನೀವು ಗೇಣು ಹಾಕ್ರಿ, ನಾ ಟೇಪು ಹಿಡೀತೇನಿ. ಎರಡೂ ಕೂಡಿದ್ರ ಬರಕೋತೇನಿ.”

ಮೊದಲನೆಯದು ಮೂರು ಗೇಣು ಐದು ಬೆರಳು. ಸೋಮವಾರ ಎಲ್ಲಿದ್ದಿ? ಆಲಮೇಲದಾಗ್ರಿ, ಅಕ್ಕನ ಮನಿಯಾಗ. ಎರಡನೆಯದು ಮೂರು ಗೇಣು ಬರೀ. ಎಲ್ಲಿದ್ದಿ? ಇಲ್ಲೇ ಇದ್ನಿರಿ, ಅರಬಿ ಒಗಿಯಾಕತ್ತಿದ್ದೆ. ಮೂರನೆಯ ಹುಡುಗಿ ಹೆದರಿ ಅಳಲು ಶುರು ಮಾಡಿದಳು. ಚನ್ನಬಸಯ್ಯನವರು ಅವಳಿಗೆ ನೀರು ತರಿಸಿದರು.

ಮಾಸ್ತರರ ಕೈ ತನ್ನಷ್ಟಕ್ಕೆ ಅಳೆಯುತ್ತಿತ್ತು. ಮನಸ್ಸು ಮಾತ್ರ ತಂಗಡಗಿಯ ನದಿ ದಂಡೆಯಲ್ಲಿತ್ತು. ಹರಿಗೋಲಿನವರು ನಿನ್ನೆಯಿಂದ ಕೃಷ್ಣೆಯಲ್ಲಿ ಗಾಳ ಹಾಕಿ ಹುಡುಕುತ್ತಿದ್ದಾರೆ. ನೀಲಮ್ಮನ ಗುಡಿಯ ಕಡೆ ಬೆನ್ನು ಮಾಡಿ ಸಿದ್ದವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಇವರು ಹತ್ತಿರ ಹೋದಾಗ ತಲೆ ಎತ್ತಿ ಒಂದೇ ಮಾತು ಹೇಳಿದ್ದಳು:

“ಮನೀಗೆ ಹೋಗ್ರಿ ಮಾಸ್ತರ. ನೀವು ಮಾಡೂದೆಲ್ಲಾ ಮಾಡೀರಿ. ಇನ್ನ ಏನೂ ಮಾಡಬ್ಯಾಡ್ರಿ.”

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅದಕ್ಕೇ ಅವರು ಮನೆಗೆ ಹೋಗಲಿಲ್ಲ. ನೆಟ್ಟಗೆ ಈ ಹಾಸ್ಟೆಲಿಗೆ ಬಂದು, ಸಂಜೆ ಗೇಟಿನ ಜಾಳಿಗೆಯಾಚೆ ನಿಂತ ಅಫ್ರೀನಳಿಗೆ ಧೈರ್ಯ ಹೇಳಿದ್ದರು: ಹೆದರಬ್ಯಾಡವ್ವಾ, ಸೀಟಿನ ಅಳತಿ ತಪ್ಪೈತಿ, ನಾಳೆ ಎಲ್ಲಾ ಸೈಕಲ್ ಅಳೀತೇವಿ, ಸಿಕ್ಕೇ ಸಿಗತಾರ.

“ಮುಂದಿನಾಕಿ,” ಎಂದರು ಚನ್ನಬಸಯ್ಯ.

ಏಳನೆಯವಳು ಅಫ್ರೀನ. ಸೀಟಿನ ಮೇಲೆ ಅಂಗೈ ಊರಿ ನಿಂತಿದ್ದಳು.

“ಸೋಮವಾರ ಎಲ್ಲಿದ್ದಿ?”

“ಮುದ್ದೇಬಿಹಾಳದಾಗ್ರಿ, ನಾನಾ ಅಂದ್ರ ನಮ್ಮ ಈ ಅಜ್ಜಾನ ಮನಿಯಾಗ.”

ಚನ್ನಬಸಯ್ಯ ತಿರುಗಿ ನೋಡಿದರು. ಮಾಸ್ತರರು ನಕ್ಕರು. “ಹೌದ್ರಿ. ಮೊಣಕಾಲು ನೋವಂತ ಬಂದಿದ್ಲು. ಎಣ್ಣಿ ಹಚ್ಚಿ ತಿಕ್ಕಿ ಕಳಿಸೇನಿ.”

ಬಗ್ಗಿ ಕಿರುಬೆರಳು ಇಟ್ಟರು. ಒಂದು, ಎರಡು, ಮೂರು. ಬೆರಳು ಎಣಿಸಿದರು. ಎಣಿಸಿದ್ದು ತಪ್ಪಿತೇನೋ ಎಂದು ಇನ್ನೊಮ್ಮೆ ಎಣಿಸಿದರು.

ಮೂರು ಗೇಣು, ನಾಲ್ಕು ಬೆರಳು.

ಅದು ಹೇಗೆ? ಹತ್ತು ದಿನದ ಹಿಂದೆ, ಇದೇ ಶೆಡ್ಡಿನಲ್ಲಿ, ಮೊಣಕಾಲು ನೋವಿಗೆಂದು ಅವರೇ ಈ ಸೀಟನ್ನು ಇಳಿಸಿದ್ದರು. ಇನ್ನೊಂದು ತಿಂಗಳು ಏರಿಸಬ್ಯಾಡ, ಏರಿಸಿದ್ರ ಕಾಲು ಹೋಗತೈತಿ ಎಂದು ಬೈದು ಹೇಳಿದ್ದರು. ಅವತ್ತು ಕೂರಿಸಿದ ಅಳತೆ ಅವರ ಕೈಗೆ ಚೆನ್ನಾಗಿ ನೆನಪಿತ್ತು.

ಮೂರು ಗೇಣು, ಎರಡು ಬೆರಳು.

ಸೀಟಿನ ಕಂಬದ ಬುಡದಲ್ಲಿ ಎರಡು ಬೆರಳು ಅಗಲಕ್ಕೆ ಧೂಳು ಮುಟ್ಟದ ಹೊಳಪು ಕಾಣಿಸಿತು. ನಿನ್ನೆಯವರೆಗೆ ಒಳಗಿದ್ದ ಭಾಗ ಅದು. ಅಲ್ಲಿಗೆ ಹೊಸ ಕೆಂಪು ಟೇಪು ಸುತ್ತಿತ್ತು, ಇನ್ನೂ ಅಂಚು ಸಹ ಕೂತಿರಲಿಲ್ಲ.

ಮಾಸ್ತರರಿಗೆ ತಲೆ ಎತ್ತಲು ಆಗಲಿಲ್ಲ. ಸೋಮವಾರ ಎಂಬುದು ಈಗ ಬೇರೆಯೇ ಕಾಣತೊಡಗಿತು. ಮಧ್ಯಾಹ್ನ ಡಾಕ್ಟರ ಕಡೆ ಹೋಗಿ ಬರತೇನಿ ಎಂದು ಹೋದ ಹುಡುಗಿ ಹೊತ್ತು ಮುಳುಗುವಾಗ ಟೆಂಪೋ ಇಳಿದು ಬಂದಿದ್ದಳು.

ಮುಖ ಬಿಸಿಲಿಗೆ ಕೆಂಡವಾಗಿತ್ತು. ಮೂರು ರೊಟ್ಟಿ ತಿಂದಳು. ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ, ಗುಳಿಗಿ ಕೊಟ್ಟಾರ ಎಂದಳು. ಗುಳಿಗೆ ಕಾಣಲಿಲ್ಲ. ಮುದ್ದೇಬಿಹಾಳದಿಂದ ತಂಗಡಗಿ ಎಷ್ಟು ದೂರ? ಕಾಲು ನೋಯುವ ರೇಸಿನವಳಿಗೂ ಒಂದು ತಾಸಿನ ದಾರಿ.

ಕೊನೆಗೂ ಕಣ್ಣೆತ್ತಿದರು. ಅಫ್ರೀನ ಅವರನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಹೆದರಿಕೆ ಇರಲಿಲ್ಲ, ಏನನ್ನೋ ಬೇಡುವ ನೋಟವಿತ್ತು.

“ಎಷ್ಟ ಬಂತ್ರಿ ಮಾಸ್ತರ?”

“ಮೂರು ಗೇಣು... ನಾಲ್ಕು ಬೆರಳು.”

“ಟೇಪೂ ಅಷ್ಟ ಹೇಳತೈತಿ. ಮುಂದಿನಾಕಿ.”

ಉಳಿದ ಹತ್ತು ಸೈಕಲ್ಲುಗಳನ್ನು ಅವರು ಹೇಗೆ ಅಳೆದರೋ ಅವರಿಗೇ ಗೊತ್ತಿಲ್ಲ. ಸಾಲು ಮುಗಿಯಿತು. ಚನ್ನಬಸಯ್ಯ ತಮ್ಮ ಚೀಟಿಯನ್ನು ಎರಡು ಸಲ ಓದಿ, ಪೆನ್ನು ಕಿಸೆಗೆ ಸಿಕ್ಕಿಸಿದರು.

“ಒಂದೂ ಕೂಡಲಿಲ್ಲ. ಅಂದ್ರ ಈ ಹಾಸ್ಟೆಲಿನವರಲ್ಲ. ಬರೀ ಎರಡು ಬೆರಳಿನ ಸಲುವಾಗಿ ನನ್ನ ಮುಂಜಾನಿ ಹಾಳ ಮಾಡಿದ್ರಿ, ಮಾಸ್ತರ. ಹುಡುಗಿ ಹಾರ್‍ಯಾಳ ಅಂತ ಬರದು ಮುಗಿಸಿ ಬಿಡ್ಲೇನು?”

ಆಫೀಸಿನ ಬಾಗಿಲಲ್ಲಿ ಸಂಜೀವಕುಮಾರ ಕೈಕಟ್ಟಿ ನಿಂತು ಕೇಳುತ್ತಿದ್ದ.

ಹೂಂ ಎಂದರೆ ಸಾಕಿತ್ತು. ಗೇಟು ತೆರೆಯುತ್ತಿತ್ತು. ಅಫ್ರೀನ ಉಳಿಯುತ್ತಿದ್ದಳು, ಅವಳ ಸೀಟೂ ಉಳಿಯುತ್ತಿತ್ತು, ಹದಿನೇಳನೆಯ ಫೈಲು ಮುಚ್ಚಿ ಹೋಗುತ್ತಿತ್ತು. ಸಿದ್ದವ್ವ ಮಾತ್ರ ಆ ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದಳು, ಹರಿಗೋಲು ತಿರುಗುವುದನ್ನು ನೋಡುತ್ತ.

ಅವಳ ಮಗಳನ್ನು ಕೊಟ್ಟು ತಮ್ಮ ಮೊಮ್ಮಗಳನ್ನು ಮೇಲೆ ತಂದ ವ್ಯಾಪಾರ ಒಮ್ಮೆ ಆಗಿ ಹೋಗಿದೆ. ಅದನ್ನೇ ಇನ್ನೊಮ್ಮೆ ಮಾಡುವುದೇ? ಮಾಸ್ತರರಿಗೆ ತಮ್ಮ ಮೇಲೆ ಹೇಸಿಗೆ ಬಂತು. ಅಫ್ರೀನಳನ್ನು ನೋಡಿದರೆ ಮಾತು ಬರಲಾರದೆಂದು ನೆಲ ನೋಡಿಕೊಂಡೇ ಹೇಳಿದರು:

“ಏಳನೇದು... ಆ ಸೀಟು ನಿನ್ನೆ ಏರಿಸಿದ್ದು, ಸಾಹೇಬ್ರ. ಅದರ ಖರೇ ಅಳತಿ ಮೂರು ಗೇಣು ಎರಡು ಬೆರಳು. ಕೂಡಿಸಿದಾಂವ ನಾನ.”

ಚನ್ನಬಸಯ್ಯನವರ ಬಾಯಿ ತೆರೆದಿತ್ತು. ತಮ್ಮ ಮೊಮ್ಮಗಳನ್ನು ತಾವೇ ಹಿಡಿದುಕೊಡುವವರನ್ನು ಅವರ ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

“ಏ ಹುಡುಗಿ. ಸೋಮವಾರ ಆ ಸೈಕಲ್ ತಂಗಡಗಿಗೆ ಒಯ್ದಾಕಿ ನೀನೇನು?”

ಅಫ್ರೀನ ತುಟಿ ಬಿಗಿದಳು.

“ಐಶ್ವರ್ಯ ನಿನ್ನ ಕೈಗೆ ಸೈಕಲ್ ಕೊಟ್ಟಳೇನು? ಜೀವಂತ ಅದಾಳೇನು ಅಕಿ?”

ಆ ಹುಡುಗಿಗೆ ಸುಳ್ಳು ಹೇಳುವ ಮುಖವೇ ಇರಲಿಲ್ಲ, ಚಿಕ್ಕಂದಿನಿಂದಲೂ. ಅವಳ ಕಣ್ಣು ನೆಲಕ್ಕೆ ಇಳಿದದ್ದೇ ಎಲ್ಲರಿಗೂ ಉತ್ತರ ಸಿಕ್ಕಿತು.

“ಬದುಕ್ಯಾಳ!” ಎಂದ ಸಂಜೀವಕುಮಾರ. ಆ ದೊಡ್ಡ ಆಳು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಬದುಕ್ಯಾಳ, ಸರ್... ನಾ ಕೊಲ್ಲಲಿಲ್ಲ.” ಅವನ ಭುಜ ಅಲುಗುತ್ತಿತ್ತು. ಆ ಅಳು ನಿಜವಾದದ್ದೇ. ಅವನ ಗುರುವಿಗೆ ಅದರಲ್ಲಿ ಅನುಮಾನ ಬರಲಿಲ್ಲ.

ಮಾಸ್ತರರ ಎದೆಯ ಭಾರವೂ ಇಳಿಯಿತು. ಸಿದ್ದವ್ವಗೆ ಈಗಲೇ ಹೇಳಿ ಕಳಿಸಬೇಕು ಎಂದುಕೊಂಡರು.

ಆಗ ಸಂಜೀವಕುಮಾರ ಮುಖದಿಂದ ಕೈ ತೆಗೆದ.

“ಶೂ,” ಎಂದ. “ಟ್ರಯಲ್ಲಿನಾಗ ಸೈಕಲ್ ಅವರ ಕೊಡತಾರ, ಶೂ ಮಾತ್ರ ತಾವ ಒಯ್ಯಬೇಕು.”

ಎದ್ದು ನಿಂತ. ಕೈಗಡಿಯಾರ ನೋಡಿದ. ಕಣ್ಣೀರು ಇನ್ನೂ ಕೆನ್ನೆಯ ಮೇಲೆಯೇ ಇತ್ತು, ಮುಖ ಮಾತ್ರ ಎಂದಿನ ಕೋಚಿನ ಮುಖವಾಗಿತ್ತು. ತಿರುಗಿ, ಉದ್ದುದ್ದ ಹೆಜ್ಜೆ ಹಾಕಿ ಆಫೀಸಿನೊಳಗೆ ಹೋದ. ಒಳಗಿನಿಂದ ಚಿಲಕ ಬಿತ್ತು.

ಅಫ್ರೀನ ಸೈಕಲ್ ಕೈಬಿಟ್ಟಳು. ಅದು ನೆಲಕ್ಕೆ ಬಿದ್ದದ್ದನ್ನು ನೋಡಲೂ ಇಲ್ಲ. ಓಡಿ ಬಂದು ಮಾಸ್ತರರ ತೋಳು ಹಿಡಿದಳು, ಉಗುರು ಊರುವಷ್ಟು ಬಿಗಿಯಾಗಿ.

“ನಾನಾ, ಇವತ್ತ ಸಂಜಿ ಐದಕ್ಕ ಅಕಿ ಟ್ರಯಲ್. ಐದಕ್ಕ! ಅಲ್ಲೀತನಕ ಅಕಿ ಸತ್ತಾಳ ಅಂತ ಈ ಮನುಷ್ಯಾ ನಂಬಿದ್ರ ಫೋನ್ ಮಾಡತಿರಲಿಲ್ಲ. ಅಷ್ಟ ಬೇಕಾಗಿತ್ತು ನಮಗ. ಇನ್ನ ನಾಲ್ಕೈದು ತಾಸು. ಒಮ್ಮೆ ಓಡಿಸಿ ಅಕಿ ಟೈಮು ಬರಕೊಂಡ ಮ್ಯಾಲ ಯಾರ ಏನೂ ಮಾಡಾಕ ಬರೂದಿಲ್ಲ.”

“ಸಿದ್ದವ್ವ... ಆ ತಾಯಿ ನದೀ ದಂಡೀ ಮ್ಯಾಲ ಕುಂತಾಳಲ್ಲವ್ವಾ, ಅದಕ್ಕ ನಾ...”

“ಅಕೀಗೆ ಎಲ್ಲಾ ಗೊತ್ತೈತಿ! ಮಗಳನ್ನ ಬಸ್ಸಿಗೆ ಕುಂದ್ರಿಸಿದಾಕಿ ಅಕೀನ!” ಅಫ್ರೀನಳಿಗೆ ಈಗ ಅಳು ತಡೆಯಲಿಲ್ಲ. “ನಿಮಗ ಹೇಳಿದ್ಲಲ್ಲ ನಾನಾ, ಮನೀಗೆ ಹೋಗ್ರಿ, ಇನ್ನ ಏನೂ ಮಾಡಬ್ಯಾಡ್ರಿ ಅಂತ?”

ಮಾಸ್ತರರು ಅವಳ ಕೈ ಬಿಡಿಸಿಕೊಂಡು ಓಡಿದರು. ಅರವತ್ತೆರಡರ ಕಾಲು ಓಡುವಷ್ಟು ಓಡಿದರು. ಬಾಗಿಲಿಗೆ ಭುಜ ಕೊಟ್ಟರು, ಅಂಗೈಯಿಂದ ಬಡಿದರು. “ಸಂಜೀವಾ! ಏ ಸಂಜೀವಾ, ಬಾಗಲಾ ತಗಿ! ನಾ ನಿನ್ನ ಗುರು ಅದೇನಿ!” ಗಟ್ಟಿ ಬಾಗಿಲು, ಅಲುಗಲಿಲ್ಲ. ಕಿಟಕಿಗೆ ಹೋಗಿ ಜಾಳಿಗೆಗೆ ಮುಖ ಹಚ್ಚಿದರು.

ಒಳಗೆ, ತೆರೆದ ಕಪಾಟಿನ ಮುಂದೆ, ಸಂಜೀವಕುಮಾರ ಬೆನ್ನು ಮಾಡಿ ನಿಂತಿದ್ದ. ಒಂದು ಕೈಯಲ್ಲಿ ಹದಿನೇಳನೆಯ ಫೈಲಿತ್ತು, ಇನ್ನೊಂದು ಕೈ ಕಿವಿಯ ಹತ್ತಿರ.

“ಹಲೋ,” ಎನ್ನುತ್ತಿದ್ದ ಅವನು. “ಹೈದರಾಬಾದಿನ ಟ್ರಯಲ್ ಆಫೀಸೇನ್ರಿ?”